ಹುಯ್ಯಲು ಕೇಳಿದವರು

ನನ್ನ ತಾಯಿಯ ತವರೂರು ಡೆಂಕಣಿಕೋಟೆಯ ಕಡೆ, ಕಾಡಿನ ಅಂಚಿನಲ್ಲಿದೆ. ಊರ ಮುಂದಿನ ಹುಣಿಸೆ ಮರದ ಬುಡದಲ್ಲಿ ಸೊಂಟದೆತ್ತರದ ಒಂದು ಕಲ್ಲು ನಿಂತಿದೆ. ಅದರಲ್ಲಿ ಬಿಲ್ಲು ಹಿಡಿದ ಒಬ್ಬ ಮನುಷ್ಯ; ಅವನ ಹಿಂದೆ ಎರಡು ದನ; ಮೈಗೆ ನಾಟಿದ ಬಾಣಗಳು. ಅಕ್ಷರಗಳಿಲ್ಲ. ತಮಿಳು ಮಾತಾಡುವ ನೆರೆಯವರು ಅವನನ್ನು ವೇಡಿಯಪ್ಪನ್ ಎಂದು ಪೂಜಿಸುತ್ತಾರೆ, ನಾವು ವೀರಣ್ಣ ಎನ್ನುತ್ತೇವೆ. ಚಿಕ್ಕಂದಿನಲ್ಲಿ ನಾನು ಅಮ್ಮನನ್ನು ಕೇಳಿದೆ, ಇವನು ಯಾರೆಂದು. ಅಮ್ಮ ಹೇಳಿದ್ದು ಇಷ್ಟೇ: “ಯಾರೋ ಕೂಗಿದ್ದು ಕೇಳಿ ಓಡಿದನಂತೆ. ತಿರುಗಿ ಬರಲಿಲ್ಲವಂತೆ.”

ಇಪ್ಪತ್ತು ವರುಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಲೆಕ್ಕ ಬರೆದವನು ನಾನು, ಚರಿತ್ರೆಯ ಪಂಡಿತನಲ್ಲ. ಆದರೆ ಅಮ್ಮನ ಆ ಎರಡು ಮಾತು ನನ್ನನ್ನು ಬಿಟ್ಟಿಲ್ಲ. ಆಪತ್ತು ಬಂದಾಗ ಯಾರು ಕೂಗುತ್ತಾರೆ, ಯಾರಿಗೆ ಕೇಳಿಸುತ್ತದೆ, ಕೇಳಿದವರು ಏಕೆ ಓಡುತ್ತಾರೆ ಅಥವಾ ಓಡುವುದಿಲ್ಲ, ಈ ಪ್ರಶ್ನೆಗಳಿಗೆ ನಮ್ಮ ನೆಲದಲ್ಲಿ ಸಾವಿರ ವರುಷಗಳ ಉತ್ತರವಿದೆ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಕಾಸರಗೋಡು, ಮಂಜೇಶ್ವರದ ಕಡೆಯ ಓದುಗರಿಗೆ ನಮ್ಮ ಹೊಸೂರು ದೂರದ ಊರು. ಆದುದರಿಂದ ಎರಡು ಮಾತು. ಬೆಂಗಳೂರಿನಿಂದ ಆನೇಕಲ್ ತಾಲೂಕಿನ ಅತ್ತಿಬೆಲೆ ದಾಟಿದರೆ ಸಿಗುವ ಮೊದಲ ಪಟ್ಟಣ ಹೊಸೂರು. ಅಲ್ಲಿಂದ ಆಚೆಗೆ ಸೂಳಗಿರಿ, ಕೃಷ್ಣಗಿರಿ. ದಕ್ಷಿಣಕ್ಕೆ ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಾಡುಗಳು. ಮೊದಲು ಸೇಲಂ ಜಿಲ್ಲೆ, ೧೯೬೫ರಿಂದ ಧರ್ಮಪುರಿ ಜಿಲ್ಲೆ, ೨೦೦೪ರಿಂದ ಕೃಷ್ಣಗಿರಿ ಜಿಲ್ಲೆ. ೧೯೫೬ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ನೀವು ಕೇರಳಕ್ಕೆ ಸೇರಿದಿರಿ, ನಾವು ಮದರಾಸಿನಲ್ಲೇ ಉಳಿದೆವು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಕೇಳುವ ಊರು ನಮ್ಮದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸೂರಿನ ಪಕ್ಕದಲ್ಲಿ ಹರಿದು, ತಮಿಳಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನಲ್ಲಿ ಕಡಲು ಸೇರುತ್ತದೆ.

ಕಲ್ಲು ಹೇಳುವುದು

ವೀರಗಲ್ಲುಗಳಿಗೆ ನಮ್ಮ ಸೀಮೆ ಹೆಸರಾದದ್ದು. ಕೃಷ್ಣಗಿರಿಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು ನೋಡಬಹುದು. ಇದು ಗಂಗರು, ನೊಳಂಬರು, ಪಲ್ಲವರು, ಚೋಳರು ಕಾದಾಡಿದ ನೆಲ. ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಒಂಬತ್ತನೆಯ ಶತಮಾನದ ಕನ್ನಡ ಶಾಸನ ದೊರೆತಿದೆ. ಹೊಸೂರಿನಿಂದ ಬೆಂಗಳೂರಿಗೆ ಹೋಗುವವರು ದಿನವೂ ಹಾದುಹೋಗುವ ಬೇಗೂರಿನ ಬಳಿಯ ದೇವಾಲಯದಲ್ಲಿ ಸುಮಾರು ಕ್ರಿ.ಶ. ೮೯೦ರ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪು ಅದು. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ದೊರೆಯುವುದೇ ಒಬ್ಬನ ಸಾವಿನ ಸುದ್ದಿಯಲ್ಲಿ.

ಆದರೆ ವೀರಗಲ್ಲುಗಳೆಲ್ಲ ರಾಜರ ಯುದ್ಧದವಲ್ಲ. ಡಾ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ವೀರರ ಲೋಕವನ್ನು ಬಿಡಿಸಿ ತೋರಿಸಿದ್ದಾರೆ. ಶಾಸನಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ತುರುಗೋಳ್, ಎಂದರೆ ದನ ಹಿಡಿದೊಯ್ಯುವುದು. ಊರಳಿವು, ಎಂದರೆ ಊರ ಮೇಲೆ ಬಿದ್ದು ಹಾಳುಮಾಡುವುದು. ಮೂರನೆಯದು ಪೆಣ್ಬುಯ್ಯಲ್. ಪೆಣ್ ಎಂದರೆ ಹೆಣ್ಣು, ಪುಯ್ಯಲ್ ಎಂದರೆ ಮೊರೆ, ಆಪತ್ತಿನ ಕೂಗು. ಹೆಂಗಸರ ಮಾನಪ್ರಾಣಗಳಿಗೆ ಕೇಡು ಬಂದಾಗ ಎದ್ದ ಕೂಗು ಅದು. ಆ ಕೂಗಿಗೆ ಓಗೊಟ್ಟು ಸತ್ತವನಿಗೂ ಕಲ್ಲು ನಿಲ್ಲಿಸಿದರು. ಪಕಾರ ಹಕಾರವಾಗಿ ಪುಯ್ಯಲು ಹುಯ್ಯಲಾಯಿತು, ಹುಯಿಲಾಯಿತು. ಇಂದು ಯಾರಾದರೂ ಸುಮ್ಮಸುಮ್ಮನೆ ಗದ್ದಲ ಮಾಡಿದರೆ ‘ಹುಯಿಲೆಬ್ಬಿಸಿದ’ ಎಂದು ಹಂಗಿಸುತ್ತೇವೆ. ಜನರ ಪ್ರಾಣ ಉಳಿಸಿದ ಮಾತು ಹಂಗಿಸುವ ಮಾತಾಗಿ ಉಳಿಯಿತು.

ಈ ಏರ್ಪಾಡನ್ನು ಸ್ವಲ್ಪ ಬಿಡಿಸಿ ನೋಡೋಣ. ದನ ಹೋಗುತ್ತಿರುವುದನ್ನು ಮೊದಲು ಕಂಡವನು ಮೇಯಿಸುವ ಹುಡುಗ. ಅವನು ಯಾರ ಅಪ್ಪಣೆಯನ್ನೂ ಕಾಯಲಿಲ್ಲ, ಕೂಗಿದ. ಕೇಳಿದವನು ಹೊಲದಲ್ಲಿದ್ದವನು, ಅವನೂ ಅರಸನ ಮಾತಿಗೆ ಕಾಯಲಿಲ್ಲ. ಕೆಲವು ಸಲ ಮೊದಲು ಕೂಗಿದ್ದು ಮನುಷ್ಯನೂ ಅಲ್ಲ. ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ, ಪಲ್ಲವ ಮಹೇಂದ್ರವರ್ಮನ ಕಾಲದ ಒಂದು ನಡುಗಲ್ಲಿದೆ. ದನ ಕಾಯುತ್ತ ಸತ್ತ ವೀರನ ಜೊತೆಗೆ ಅವನ ನಾಯಿಯನ್ನೂ ಕಡೆದು, ಕೋವಿವನ್ ಎಂಬ ಅದರ ಹೆಸರನ್ನೂ ಬರೆದು, ಅದು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ತಿಳಿಸಿದ್ದಾರೆ. ಹಂದಿಯೊಡನೆ ಹೋರಾಡಿ ಸತ್ತ ಆತಕೂರಿನ ಕಾಳಿಯನ್ನು ಬಲ್ಲ ಕನ್ನಡಿಗರಿಗೆ ಈ ತಮಿಳು ನಾಯಿ ಅದರ ಅಣ್ಣನೆನಿಸಬೇಕು.

ಇನ್ನೊಂದು ಸಂಗತಿ ಬ್ಯಾಂಕಿನವನಾದ ನನ್ನ ಕಣ್ಣಿಗೆ ಬೇಗ ಬಿತ್ತು. ಓಡಿಹೋಗಿ ಸತ್ತವನ ಮನೆಯವರಿಗೆ ಊರು ಅಥವಾ ಅರಸು ಭೂಮಿ ಬಿಡುತ್ತಿತ್ತು. ಕನ್ನಡದಲ್ಲಿ ಅದು ನೆತ್ತರುಗೊಡಗೆ, ತಮಿಳಿನಲ್ಲಿ ಉದಿರಪ್ಪಟ್ಟಿ. ಎರಡರ ಅರ್ಥವೂ ನೆತ್ತರಿಗಾಗಿ ಕೊಟ್ಟ ಭೂಮಿ ಎಂದೇ. ತಾನು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳುವುದಿಲ್ಲ ಎಂಬ ನಂಬಿಕೆ ಇದ್ದುದರಿಂದಲೇ ಅವನ ಕಾಲು ಮುಂದೆ ಹೋಯಿತು.

ಹೀಗೆ ಹುಯ್ಯಲಿಗೆ ಮೂರು ಕಾಲು. ಕಂಡವನೇ ಕೂಗಬೇಕು. ಹತ್ತಿರದವನಿಗೆ ಅದು ಕೇಳಿಸಬೇಕು, ತಿಳಿಯಬೇಕು. ಎದ್ದು ಹೋದವನನ್ನು ಊರು ಕೈಬಿಡಬಾರದು. ಒಂದು ಕಾಲು ಮುರಿದರೂ ಹುಯ್ಯಲು ಬರಿಯ ಸದ್ದಾಗುತ್ತದೆ. ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ೧೨೮೫ರ ವಿಂಚೆಸ್ಟರ್ ಶಾಸನವು, ಕಳ್ಳನನ್ನು ಕಂಡು ಕೂಗೆದ್ದರೆ ಸುತ್ತಲಿನವರೆಲ್ಲ ಬೆನ್ನಟ್ಟಬೇಕೆಂದೂ, ಕಳ್ಳ ಸಿಗದಿದ್ದರೆ ನಷ್ಟಕ್ಕೆ ಆ ಸೀಮೆಯ ಜನರೇ ಹೊಣೆಯೆಂದೂ ವಿಧಿಸಿತ್ತು. ಅವರು ದಂಡದ ಭಯದಿಂದ ಮಾಡಿಸಿದ್ದನ್ನು ನಮ್ಮವರು ಕಲ್ಲು ನಿಲ್ಲಿಸಿ, ಭೂಮಿ ಕೊಟ್ಟು ಮಾಡಿಸಿದರು.

ಮೇಲಕ್ಕೆ ಹೋದ ಸುದ್ದಿ

೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನು, ಎಂದರೆ ಕೃಷ್ಣಗಿರಿ ಧರ್ಮಪುರಿಗಳ ಸೀಮೆಯನ್ನು, ಕುಂಪಣಿಗೆ ಬಿಟ್ಟುಕೊಟ್ಟ. ಅಲೆಗ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಹಳ್ಳಿ ಹಳ್ಳಿ ಅಳೆದು ಕಂದಾಯ ಗೊತ್ತುಮಾಡಿದರು. ರೈತವಾರಿ ಪದ್ಧತಿ ಬೆಳೆದದ್ದು ಈ ನೆಲದಲ್ಲಿ. ಅದರೊಂದಿಗೆ ಇನ್ನೊಂದು ಬದಲಾವಣೆಯೂ ಮೆಲ್ಲನೆ ನಡೆಯಿತು. ಹಳ್ಳಿಯ ತಳವಾರ, ತೋಟಿ, ಶಾನುಭೋಗರು ಕಂಡದ್ದನ್ನು ಮೊದಲು ಊರಿಗೆ ಹೇಳುತ್ತಿದ್ದವರು, ಈಗ ಮೊದಲು ತಹಸೀಲ್ದಾರರ ಕಚೇರಿಗೆ ಬರೆಯಬೇಕಾಯಿತು. ಅಕ್ಕಪಕ್ಕಕ್ಕೆ ಹರಿಯುತ್ತಿದ್ದ ಸುದ್ದಿ ಮೇಲಕ್ಕೆ ಹರಿಯತೊಡಗಿತು.

ಇದರ ಫಲ ಧಾತು ಸಂವತ್ಸರದ ಬರದಲ್ಲಿ ಕಂಡಿತು. ೧೮೭೬ರಿಂದ ೭೮ರವರೆಗೆ ಮದರಾಸು ಮತ್ತು ಮೈಸೂರು ಸೀಮೆಗಳನ್ನು ಸುಟ್ಟ ಆ ಬರವನ್ನು ಕನ್ನಡಿಗರೂ ತಮಿಳರೂ ಧಾತು ವರುಷದ ಹೆಸರಿನಲ್ಲೇ ನೆನೆಯುತ್ತಾರೆ. ಸೇಲಂ ಜಿಲ್ಲೆ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಹಳ್ಳಿಗಳಲ್ಲಿ ಹಸಿವಿನ ಗುರುತುಗಳು ಮೊದಲೇ ಕಂಡಿದ್ದವು. ಸರಕಾರದ ಕೈ ಮುಂದೆ ಬರುವುದು ತಡವಾಯಿತು. ಬರ ಮುಗಿದ ಮೇಲೆ ಸರಕಾರ ಆಯೋಗ ನೇಮಿಸಿತು, ೧೮೮೩ರಲ್ಲಿ ಬರಗಾಲದ ನಿಯಮಾವಳಿ ಬಂತು. ಧಾನ್ಯದ ಬೆಲೆ ಏರುವುದು, ಸಣ್ಣ ಕಳವುಗಳು ಹೆಚ್ಚುವುದು, ಜನ ಗುಂಪುಗುಂಪಾಗಿ ಊರು ಬಿಟ್ಟು ಅಲೆಯುವುದು, ಇವನ್ನು ಮುನ್ಸೂಚನೆಗಳೆಂದು ಎಣಿಸಿ ವರದಿ ಮಾಡಬೇಕೆಂಬುದು ಅದರ ತಿರುಳು. ಒಳ್ಳೆಯ ಏರ್ಪಾಡೇ ಹೌದು. ಆದರೆ ಈ ಗುರುತುಗಳು ಹಳ್ಳಿಯ ಹೆಂಗಸರಿಗೆ ಹೊಸವೇನಲ್ಲ. ನೆರೆಮನೆಯ ಒಲೆಯಲ್ಲಿ ಹೊಗೆ ಏಳದಿದ್ದರೆ ಅವರಿಗೆ ಅಂದೇ ತಿಳಿಯುತ್ತಿತ್ತು.

ತಮಟೆ ಹೊತ್ತವನು

ಹಳೆಯದನ್ನೆಲ್ಲ ಹೊಗಳಿ ಬರೆಯುವುದು ನನ್ನ ಉದ್ದೇಶವಲ್ಲ. ನಮ್ಮ ಕಡೆ ಕೆರೆಗಳು ಹೆಚ್ಚು. ಮಳೆಗಾಲದ ರಾತ್ರಿ ಕೆರೆ ಏರಿಯ ಮೇಲೆ ನಡೆದು ನೋಡುವವನು ನೀರಗಂಟಿ. ಕೋಡಿ ಮೀರಿ ನೀರು ಏರಿಗೆ ಬಂದರೆ ಅವನು ಕೂಗುತ್ತಾನೆ, ತೋಟಿ ತಮಟೆ ಬಡಿಯುತ್ತಾನೆ, ಊರಿನವರು ಗುದ್ದಲಿ ಮಂಕರಿ ಹಿಡಿದು ಓಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಡುರಾತ್ರಿ ಮಳೆಯಲ್ಲಿ ನೆನೆಯುತ್ತ ತಮಟೆ ಬಡಿದವನು ಯಾವ ಕೇರಿಯವನು? ತಾನು ಉಳಿಸಿದ ಕೆರೆಯ ನೀರನ್ನು ಎಲ್ಲರಂತೆ ಮುಟ್ಟಲು ಅವನಿಗೆ ಬಿಡುತ್ತಿದ್ದರೇ? ಊರಿಗೆಲ್ಲ ಎಚ್ಚರ ಹೇಳುವ ಕೆಲಸವನ್ನು ಒಂದು ಜಾತಿಯ ಬೆನ್ನಿಗೆ ಕಟ್ಟಿ, ಉಳಿದವರು ನಿಶ್ಚಿಂತೆಯಿಂದ ಮಲಗಿದ್ದೆವು. ವೀರಗಲ್ಲಿನವನಿಗೆ ಭೂಮಿ ಸಿಕ್ಕಿತು. ತಮಟೆ ಬಡಿದವನ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಂಡಿಲ್ಲ.

ತಮಿಳುನಾಡಿನಲ್ಲಿ ೨೦೨೨ರಲ್ಲಿ ಮುಖ್ಯ ಕಾರ್ಯದರ್ಶಿಯವರು ಜಿಲ್ಲಾಧಿಕಾರಿಗಳಿಗೆ ಪತ್ರ ಬರೆದು, ಸರಕಾರಿ ಸುದ್ದಿ ಸಾರಲು ಮನುಷ್ಯರಿಂದ ತಮಟೆ ಬಡಿಸುವುದನ್ನು ನಿಲ್ಲಿಸಬೇಕು, ವಾಹನಕ್ಕೆ ಧ್ವನಿವರ್ಧಕ ಕಟ್ಟಿ ಸಾರಬೇಕು ಎಂದು ತಿಳಿಸಿದರು. ಸರಿಯಾದ ಮಾತು. ಡಂಗುರ ನಿಂತದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಡಂಗುರದ ಹಿಂದಿದ್ದ ಕೆಲಸ ನಿಲ್ಲುವಂತಿಲ್ಲ. ಅದು ಒಬ್ಬನ ಬೆನ್ನಿನಿಂದ ಇಳಿದು ಎಲ್ಲರ ಕೈಗೆ ಬರಬೇಕು.

ಆನೆ ಮತ್ತು ಕೆಂಪು ದೀಪ

ನಮ್ಮ ಕಡೆ ಈಗ ದನಗಳ್ಳರ ಭಯವಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಕಾಡುಗಳ ಮೂಲಕ ಆನೆಗಳ ಹಿಂಡು ಬರುತ್ತದೆ. ಅವಕ್ಕೆ ಕರ್ನಾಟಕವೂ ತಿಳಿಯದು, ತಮಿಳುನಾಡೂ ತಿಳಿಯದು. ೧೯೮೦ರ ದಶಕದಲ್ಲಿ ಈ ಕಾಡುಗಳಿಂದ ಹೊರಟ ಒಂದು ಗುಂಪು ಆಂಧ್ರದ ಚಿತ್ತೂರಿನವರೆಗೂ ಹೋಗಿ ನೆಲೆಸಿತು. ಅವುಗಳಿಗಾಗಿಯೇ ಅಲ್ಲಿ ಕೌಂಡಿನ್ಯ ಅಭಯಾರಣ್ಯ ಮಾಡಬೇಕಾಯಿತು. ೨೦೧೪ರಲ್ಲಿ ನಮ್ಮ ಕಡೆಯ ಕಾಡಿನ ಐನೂರಕ್ಕೂ ಹೆಚ್ಚು ಚದರ ಕಿಲೋಮೀಟರನ್ನು ಕಾವೇರಿ ಉತ್ತರ ವನ್ಯಜೀವಿ ಧಾಮವೆಂದು ಸಾರಲಾಯಿತು. ಕಾಡಿಗೆ ಹೆಸರು ಬಂತು. ಅಂಚಿನ ಹೊಲದವನಿಗೆ ನಿದ್ದೆ ಬರಲಿಲ್ಲ.

ನನ್ನ ಅಜ್ಜನ ಕಾಲದಲ್ಲಿ ಹೊಲಹೊಲಕ್ಕೂ ಮರದ ಮೇಲೆ ಅಟ್ಟಣೆ ಇರುತ್ತಿತ್ತು. ಒಂದು ಅಟ್ಟಣೆಯವನು ಕೂಗಿದರೆ ಮುಂದಿನವನು ಅದನ್ನೆತ್ತಿಕೊಂಡು ಕೂಗುತ್ತಿದ್ದ. ಹಾಗೆಯೇ ಊರು ಮುಟ್ಟುತ್ತಿತ್ತು. ಅದು ಹುಯ್ಯಲಿನ ಕೊನೆಯ ರೂಪ. ಈಗ ಹುಡುಗರು ಹೊಸೂರಿನ ಕಾರಖಾನೆಗಳಿಗೆ ಹೋಗುತ್ತಾರೆ. ಅಟ್ಟಣೆಗಳು ಕಡಿಮೆಯಾಗಿವೆ, ಇದ್ದವು ಒಂದಕ್ಕೊಂದು ದೂರವಾಗಿವೆ.

ಈ ಕಷ್ಟಕ್ಕೆ ತಮಿಳುನಾಡಿನಲ್ಲೇ ಒಂದು ಕಡೆ ಒಳ್ಳೆಯ ಉತ್ತರ ಕಂಡುಕೊಂಡಿದ್ದಾರೆ. ಆನೆಮಲೆಯ ಮೇಲೆ ವಾಲ್ಪಾರೈ ಎಂಬ ಊರಿದೆ. ಸುಮಾರು ೨೨೦ ಚದರ ಕಿಲೋಮೀಟರ್ ಚಹಾ ಕಾಫಿ ತೋಟ, ಸುತ್ತಲೂ ಕಾಡು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಆನಂದಕುಮಾರ್ ಮತ್ತು ಅವರ ಜೊತೆಗಾರರು ಅಲ್ಲಿ ಆನೆಗಳಿಂದಾದ ಸಾವುಗಳನ್ನು ಒಂದೊಂದಾಗಿ ವಿಚಾರಿಸಿದರು. ಸತ್ತವರಲ್ಲಿ ಬಹುಪಾಲಿನವರು ಆನೆ ಅಲ್ಲಿದೆಯೆಂದು ತಿಳಿಯದೆ, ಕತ್ತಲಲ್ಲಿ ನಡೆದು ಹೋಗುತ್ತ ಎದುರಾದವರು. ಹಾಗಾದರೆ ಬೇಲಿಗಿಂತ ಮೊದಲು ಬೇಕಾದದ್ದು ಸುದ್ದಿ. ಮೊದಲು ಊರಿನ ಕೇಬಲ್ ಟಿ.ವಿ.ಯ ಕೆಳಗಿನ ಪಟ್ಟಿಯಲ್ಲಿ ಸಂಜೆ ಆನೆಗಳು ಎಲ್ಲಿವೆಯೆಂದು ಬರೆದರು. ೨೦೧೧ರಿಂದ ಮೊಬೈಲಿಗೆ ಕಿರುಸಂದೇಶ ಕಳಿಸಿದರು. ಓದಲು ಬಾರದವರಿಗೆ ಧ್ವನಿಯ ಕರೆ. ಜೊತೆಗೆ ಎತ್ತರದ ಜಾಗಗಳಲ್ಲಿ ದೂರಕ್ಕೆ ಕಾಣುವ ಕೆಂಪು ದೀಪಗಳು. ಈ ದೀಪವನ್ನು ಹೊತ್ತಿಸಲು ಕಚೇರಿಗೆ ಹೋಗಬೇಕಾಗಿಲ್ಲ. ಆ ಭಾಗದ ಜವಾಬ್ದಾರಿ ಹೊತ್ತ ಊರಿನವರೇ ತಮ್ಮ ಫೋನಿನಿಂದ ಹೊತ್ತಿಸಬಹುದು. ಬಸ್ಸಿಳಿದ ತೋಟದ ಕೂಲಿಯಾಳು ಕೆಂಪು ದೀಪ ಕಂಡರೆ ಆ ದಾರಿ ಬಿಟ್ಟು ನಿಲ್ಲುತ್ತಾನೆ. ಅಲ್ಲಿ ಸಾವುಗಳು ಬಹಳ ಕಡಿಮೆಯಾದವು. ಆನಂದಕುಮಾರರಿಗೆ ೨೦೧೫ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಆಮೇಲೆ ಕರ್ನಾಟಕದ ಅರಣ್ಯ ಇಲಾಖೆಯೊಡನೆ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಕಡೆಗೂ ಇದೇ ಬಗೆಯ ಸಂದೇಶಗಳು ಬಂದವು.

ಇಲ್ಲಿ ಹುಯ್ಯಲಿನ ಮೊದಲ ಕಾಲು ಮತ್ತೆ ನೆಟ್ಟಗಾಗಿದೆ: ಕಂಡವನೇ ಕೂಗಬಹುದು. ಆದರೆ ಸುಳ್ಳು ಕೂಗಾದರೆ? ಈ ಸಂದೇಹ ನ್ಯಾಯವಾದದ್ದೇ. ನಾನು ಹಿಂದೆ ಇದ್ದ ಒಂದು ಶಾಖೆಯಲ್ಲಿ ಕಳ್ಳರ ಭಯಕ್ಕೆ ಇಟ್ಟ ಸೈರನ್ನು ಇಲಿ ಓಡಿದರೂ ಬಡಿದುಕೊಳ್ಳುತ್ತಿತ್ತು. ಮೊದಲ ಸಲ ಬೀದಿಯ ಜನರೆಲ್ಲ ಓಡಿಬಂದರು. ಐದನೆಯ ಸಲ ಎದುರಿನ ಚಹಾ ಅಂಗಡಿಯವರು ತಲೆಯನ್ನೂ ಎತ್ತಲಿಲ್ಲ. ವಾಲ್ಪಾರೈಯಲ್ಲಿ ಆನೆಗಳ ಜಾಡು ಹಿಡಿದು ಓಡಾಡುವ ಜನರಿದ್ದಾರೆ. ಸುದ್ದಿ ಕೊಟ್ಟವನ ಗುರುತು ಇದೆ. ಕೂಗಿದವನು ಯಾರೆಂದು ತಿಳಿದಿದ್ದರೆ ಸುಳ್ಳು ಬಹುಕಾಲ ನಿಲ್ಲುವುದಿಲ್ಲ. ಹಳೆಯ ಊರಿನಲ್ಲೂ ದನ ಕಾಯುವ ಹುಡುಗ ಯಾರ ಮಗನೆಂದು ಎಲ್ಲರಿಗೂ ಗೊತ್ತಿತ್ತು.

ಮಳೆ ಅಳೆದವರು

ಮಲಯಾಳಂ ಓದುಗರಿಗೆ ನನಗಿಂತ ಚೆನ್ನಾಗಿ ತಿಳಿದಿರುವ ಒಂದು ಸಂಗತಿಯನ್ನು ಈಗ ಹೇಳಬೇಕು. ವಯನಾಡಿನ ಕಲ್ಪೆಟ್ಟದಲ್ಲಿ ಹ್ಯೂಮ್ ಪರಿಸರ ಮತ್ತು ವನ್ಯಜೀವಶಾಸ್ತ್ರ ಕೇಂದ್ರವೆಂಬ ಸಂಸ್ಥೆಯಿದೆ. ಅದು ಜಿಲ್ಲೆಯ ತುಂಬ ಇನ್ನೂರಕ್ಕೂ ಹೆಚ್ಚು ಕಡೆ ಮಳೆ ಅಳೆಯುವ ಏರ್ಪಾಡು ಮಾಡಿತು. ರೈತರು, ತೋಟದವರು ತಮ್ಮ ಅಂಗಳದ ಮಳೆಯನ್ನು ಅಳೆದು ಕಳಿಸುತ್ತಾರೆ. ಜಿಲ್ಲೆಗೆಲ್ಲ ಸೇರಿ ಇಷ್ಟು ಮಳೆ ಎಂದರೆ ಏನೂ ತಿಳಿಯದು. ಒಂದು ಗುಡ್ಡಕ್ಕೆ ಬಿದ್ದ ಮಳೆ ಪಕ್ಕದ ಗುಡ್ಡಕ್ಕೆ ಬಿದ್ದಿರುವುದಿಲ್ಲ. ೨೦೨೪ರ ಜುಲೈ ೨೯ರಂದು, ಮುಂಡಕೈ ಭಾಗದ ಮಳೆ ಅಪಾಯದ ಮಟ್ಟ ಮೀರಿದೆಯೆಂದು ಜಿಲ್ಲಾಡಳಿತಕ್ಕೆ ತಿಳಿಸಿದ್ದೆವೆಂದು ಕೇಂದ್ರದವರು ಹೇಳಿದ್ದಾರೆ. ೩೦ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕೈ, ಚೂರಲ್ಮಲೆಗಳಲ್ಲಿ ನೂರಾರು ಜನ ಸತ್ತರು.

ತಪ್ಪು ಯಾರದೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನಗೆ ಕಾಣುವುದು ಇಷ್ಟು: ಮಳೆ ಅಳೆದವನ ಕೂಗು ಊರಿನೊಳಗಿತ್ತು, ಏಳಿ, ಹೊರಡಿ ಎನ್ನುವ ಮಾತು ಮಾತ್ರ ಕಚೇರಿಯಿಂದ ಬರಬೇಕಾಗಿತ್ತು. ಎರಡರ ನಡುವಿನ ಆ ಒಂದು ಹಗಲು ಒಂದು ರಾತ್ರಿ ದಾಟಲಾರದಷ್ಟು ಉದ್ದವಾಯಿತು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಪಿನಾಕಿನಿ ಕಡಲು ಸೇರುವ ಕಡಲೂರಿನಿಂದ ತುಸು ಉತ್ತರಕ್ಕೆ, ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯದು. ೧೯೯೮ರಿಂದ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಆ ಕಡೆಯ ಹಳ್ಳಿಗಳಲ್ಲಿ ಜ್ಞಾನಕೇಂದ್ರಗಳನ್ನು ತೆರೆದು, ಅಲೆ ಗಾಳಿಗಳ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರುವ ಏರ್ಪಾಡು ಮಾಡಿತ್ತು. ೨೦೦೪ರ ಡಿಸೆಂಬರ್ ೨೬ರ ಬೆಳಗ್ಗೆ ಸಿಂಗಪುರದಲ್ಲಿದ್ದ ಆ ಊರಿನ ಒಬ್ಬ ಯುವಕ ಟಿ.ವಿ.ಯಲ್ಲಿ ಸುನಾಮಿಯ ಸುದ್ದಿ ಕಂಡು ಊರಿಗೆ ಫೋನು ಮಾಡಿದ. ಊರಿನವರು ಕೇಂದ್ರಕ್ಕೆ ಓಡಿ, ಧ್ವನಿವರ್ಧಕದಲ್ಲಿ ತಮಿಳಿನಲ್ಲಿ ಕೂಗಿದರು: ಓಡಿ. ಓಡಿದರು. ಮನೆಗಳು ಹೋದವು, ಜನ ಉಳಿದರು. ಅಲ್ಲಿ ಧ್ವನಿವರ್ಧಕ ಊರಿನೊಳಗೇ ಇತ್ತು. ಕೂಗಿನ ನುಡಿ ಊರಿನವರ ನುಡಿಯಾಗಿತ್ತು. ಅದೇ ದಿನ ಇಂಡೋನೇಷ್ಯದ ಸಿಮೆಲು ದ್ವೀಪದಲ್ಲಿ ‘ಸ್ಮೋಂಗ್’ ಎಂಬ ಒಂದೇ ಒಂದು ಮಾತನ್ನು ಕೂಗುತ್ತ ಜನ ಗುಡ್ಡ ಹತ್ತಿದರು. ೧೯೦೭ರ ಅಲೆಯ ನೆನಪನ್ನು ಅಜ್ಜಿಯರು ಆ ಮಾತಿನಲ್ಲಿ ಕಟ್ಟಿಟ್ಟಿದ್ದರು. ಸುಮಾರು ೭೮,೦೦೦ ಜನರಲ್ಲಿ ಸತ್ತವರು ಏಳೇ ಮಂದಿ.

ಎಲ್ಲ ಆಪತ್ತೂ ಕೆಳಗಿನಿಂದಲೇ ಕಾಣುವುದಿಲ್ಲ, ಅದನ್ನೂ ಒಪ್ಪಬೇಕು. ೨೦೧೭ರ ನವೆಂಬರಿನಲ್ಲಿ ಕೃಷ್ಣಗಿರಿ ಅಣೆಕಟ್ಟಿನ ಒಂದು ಬಾಗಿಲು ಮುರಿದಾಗ, ಕೆಳದಂಡೆಯ ಜಿಲ್ಲೆಗಳಿಗೆಲ್ಲ ಸುದ್ದಿ ಮುಟ್ಟಿಸಲು ಸರಕಾರವೇ ಬೇಕಾಯಿತು. ೨೦೨೪ರ ನವೆಂಬರ್ ಕೊನೆಗೆ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವನ್ನು ಕಂಡದ್ದು ಉಪಗ್ರಹ. ಆದರೆ ಅದೇ ಚಂಡಮಾರುತ ಒಳನಾಡಿಗೆ ಬಂದು ನಮ್ಮ ಜಿಲ್ಲೆಯ ಊತಂಗರೆಯ ಮೇಲೆ ಒಂದೇ ದಿನದಲ್ಲಿ ಐವತ್ತು ಸೆಂಟಿಮೀಟರ್ ಮಳೆ ಸುರಿಸಿತು. ಕೆರೆ ತುಂಬಿ ಹರಿದು, ರಸ್ತೆಯ ಪಕ್ಕದಲ್ಲಿ ನಿಂತ ವಾಹನಗಳು ಆಟಿಕೆಯಂತೆ ಕೊಚ್ಚಿಹೋದುದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಮೋಡ ಎಲ್ಲಿದೆಯೆಂದು ಉಪಗ್ರಹ ಹೇಳಬಲ್ಲುದು. ಈ ಕೆರೆಯ ನೀರು ಯಾವ ಗಳಿಗೆಯಲ್ಲಿ ಯಾವ ಬೀದಿಗೆ ನುಗ್ಗುತ್ತದೆಂದು ಹೇಳಬಲ್ಲವನು ಏರಿಯ ಮೇಲೆ ನಿಂತವನು. ಇಬ್ಬರೂ ಬೇಕು.

ಯಾವ ನುಡಿಯಲ್ಲಿ?

೨೦೨೩ರ ಅಕ್ಟೋಬರಿನಲ್ಲಿ ಒಂದು ದಿನ ನಮ್ಮ ಶಾಖೆಯಲ್ಲಿ ಎಲ್ಲರ ಮೊಬೈಲುಗಳೂ ಒಟ್ಟಿಗೆ ವಿಚಿತ್ರವಾಗಿ ಕಿರುಚಿದವು. ದೂರಸಂಪರ್ಕ ಇಲಾಖೆಯವರು ಆಪತ್ತಿನ ಎಚ್ಚರಿಕೆಯನ್ನು ಪರೀಕ್ಷೆ ಮಾಡುತ್ತಿದ್ದರು. ಇದರಲ್ಲಿ ಯಾರ ನಂಬರೂ ಬೇಕಾಗಿಲ್ಲ. ಒಂದು ಗೋಪುರದ ಕೆಳಗಿರುವ ಫೋನುಗಳಿಗೆಲ್ಲ ಒಂದೇ ಕ್ಷಣದಲ್ಲಿ ಸಂದೇಶ ಮುಟ್ಟುತ್ತದೆ. ಕೆಲಸ ದೊಡ್ಡದು, ಮೆಚ್ಚತಕ್ಕದ್ದು. ಸಂದೇಶ ಇಂಗ್ಲಿಷಿನಲ್ಲಿ ಇತ್ತು, ತಮಿಳಿನಲ್ಲಿ ಇತ್ತು. ಪಿಂಚಣಿ ತೆಗೆಯಲು ಬಂದಿದ್ದ ತಳಿ ಕಡೆಯ ಒಬ್ಬ ಅಜ್ಜಿ ಫೋನನ್ನು ಕೌಂಟರಿನೊಳಗೆ ಚಾಚಿ ಕೇಳಿದರು: “ಏನಪ್ಪಾ ಇದು, ಹಿಂಗೆ ಬಡ್ಕಂತದೆ? ಏನಂತ ಬರ್ದವ್ರೆ?” ಪರೀಕ್ಷೆ ಅಜ್ಜಿ, ಏನೂ ಇಲ್ಲ ಎಂದೆ. ಏನಾದರೂ ಇದ್ದಿದ್ದರೆ, ನಾನು ಎದುರಿಗೆ ಇಲ್ಲದಿದ್ದರೆ?

ಅದೇ ತಿಂಗಳು ಕರ್ನಾಟಕದಲ್ಲಿ ನಡೆದ ಪರೀಕ್ಷೆಯ ಸಂದೇಶ ಕನ್ನಡದಲ್ಲಿ ಬಂತು. ಹೊಸೂರಿನ ಗಡಿಯಲ್ಲಿ ನಿಂತರೆ ಫೋನು ಒಮ್ಮೆ ಆ ರಾಜ್ಯದ ಗೋಪುರ ಹಿಡಿಯುತ್ತದೆ, ಒಮ್ಮ ಈ ರಾಜ್ಯದ್ದು. ಕರ್ನಾಟಕದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವು ೧೯೮೮ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿ ಸುದ್ದಿ ಕಳಿಸುವ ಮಳೆಮಾಪಕಗಳನ್ನಿಟ್ಟು, ‘ವರುಣಮಿತ್ರ’ ಎಂಬ ದೂರವಾಣಿಯಲ್ಲಿ ರೈತರಿಗೆ ಕನ್ನಡದಲ್ಲಿ ಹೇಳುತ್ತದೆ. ಆನೇಕಲ್ಲಿನ ರೈತ ತನ್ನ ಪಂಚಾಯಿತಿಯ ಮಳೆಯನ್ನು ಕೇಳಬಲ್ಲ. ಅವನ ಹೊಲದಾಚೆಯ ನಮ್ಮವನ ಊರು ಆ ಪಟ್ಟಿಯಲ್ಲಿಲ್ಲ. ಮೋಡ ಒಂದೇ, ಮಾತೂ ಒಂದೇ, ನಡುವೆ ಗಡಿ.

ಇದು ಹಟದ ಮಾತಲ್ಲ. ತಮಿಳು ನಮ್ಮ ಅನ್ನದ ನುಡಿ. ನಮ್ಮ ಮಕ್ಕಳು ತಮಿಳು ಓದುತ್ತಾರೆ, ಓದಬೇಕು. ಆದರೆ ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಭಾಷಾ ಅಲ್ಪಸಂಖ್ಯಾತರಿಗೆ ಕೇಂದ್ರ ಸರಕಾರ ಒಪ್ಪಿದ ರಕ್ಷಣೆಗಳಲ್ಲಿ ಒಂದಿದೆ: ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತರು ನೂರಕ್ಕೆ ಹದಿನೈದು ಇಪ್ಪತ್ತರಷ್ಟಿದ್ದರೆ ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸುವುದು ಲೇಸು ಎಂಬುದು. ಅಂದು ಪ್ರಕಟಣೆ ಎಂದರೆ ಗೋಡೆಗೆ ಅಂಟಿಸುವ ಕಾಗದ. ಕಂದಾಯ, ಹರಾಜು, ಮತದಾನ. ಪ್ರವಾಹ ಬರುತ್ತಿದೆ, ಆನೆ ಬಂದಿದೆ ಎಂಬುದಕ್ಕಿಂತ ಮುಖ್ಯವಾದ ಪ್ರಕಟಣೆ ಯಾವುದಿದೆ? ಶಾಲೆಗಾಗಿ, ನಾಮಫಲಕಕ್ಕಾಗಿ ನಾವು ಅರ್ಜಿ ಬರೆದಿದ್ದೇವೆ, ಕಾಸರಗೋಡಿನ ನೀವೂ ಬರೆದಿದ್ದೀರಿ. ಎಚ್ಚರಿಕೆಯ ನುಡಿಗಾಗಿ ನಮ್ಮಲ್ಲಿ ಎಷ್ಟು ಮಂದಿ ಬರೆದಿದ್ದೇವೆ?

ಅರ್ಜಿಯ ಉತ್ತರ ಬರುವ ತನಕ ಸುಮ್ಮನೆ ಕೂರಬೇಕಾಗಿಯೂ ಇಲ್ಲ. ಈಚಿನ ವರುಷಗಳಲ್ಲಿ ನಮ್ಮ ಕಡೆಯೂ ಆನೆ ಬಂದರೆ ಅರಣ್ಯದವರು ಫೋನಿನಲ್ಲಿ ಸುದ್ದಿ ಕಳಿಸುತ್ತಾರೆ, ಊರಿನವರು ಅದನ್ನು ಹಂಚುತ್ತಾರೆ. ಕಳೆದ ರಾಗಿ ಕೊಯ್ಲಿನ ಹೊತ್ತು. ಎಪ್ಪತ್ತೆರಡು ವರುಷದ ನನ್ನ ಸೋದರಮಾವನಿಗೆ ಕನ್ನಡ ಓದಲು ಬರುತ್ತದೆ, ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದರು. ರಾತ್ರಿಯೇ ತಮಿಳಿನಲ್ಲಿ ಸಂದೇಶ ಬಂದಿತ್ತು. ಅವರ ಫೋನಿನಲ್ಲೇ ಇತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ತನ್ನ ಫೋನಿನಲ್ಲಿ ಅದನ್ನು ಕಂಡು, ಬರಿಗಾಲಿನಲ್ಲಿ ಹೊರಗೋಡಿ, “ತಾತಾ, ನಿಲ್ಲು! ಆನೆ ಅದೆ!” ಎಂದು ಕೂಗಿದಳು. ಮಾವ ನಿಂತರು. ಹುಣಿಸೆ ಮರದಾಚೆಯ ಹೊಲದಲ್ಲಿ ಮೂರು ಆನೆಗಳಿದ್ದವು.

ಮರುದಿನ ಮಾವ ನನಗೆ ಫೋನು ಮಾಡಿ, “ಏನಳಿಯಾ, ಜೇಬಿನಾಗೆ ಸುದ್ದಿ ಇಟ್ಕಂಡು ಸಾಯಾಕೆ ಹೊಂಟಿದ್ದೆ ನೋಡು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಹುಡುಗಿ ಈಗ ಒಂದು ಕೆಲಸ ಮಾಡುತ್ತಾಳೆ. ಸಂಜೆ ಅರಣ್ಯದವರ ಸುದ್ದಿ ಬಂದೊಡನೆ ಅದನ್ನು ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ತನ್ನ ದನಿಯಲ್ಲಿ ಹೇಳಿ ಊರಿನವರಿಗೆ ಕಳಿಸುತ್ತಾಳೆ. ಯಾರು ಹೇಳಿದ್ದು, ಎಷ್ಟು ಗಂಟೆಗೆ, ಯಾವ ಹೊಲದ ಬಳಿ ಎಂದು ಮೊದಲೇ ಹೇಳುತ್ತಾಳೆ. ಫೋನಿಲ್ಲದ ಐದು ಮನೆಗಳ ಪಟ್ಟಿ ಗೋಡೆಯ ಮೇಲಿದೆ. ಆ ಮನೆಗಳಿಗೆ ಅಕ್ಕಪಕ್ಕದವರು ಹೋಗಿ ಹೇಳಬೇಕು. ಖರ್ಚು ಏನೂ ಇಲ್ಲ. ಗಡಿಯ ಪ್ರತಿಯೊಂದು ಊರಿನಲ್ಲಿ, ಅದು ತಳಿಯಿರಲಿ, ಪೈವಳಿಕೆಯಿರಲಿ, ಇಂಥ ಒಬ್ಬರು ಸಿಕ್ಕೇ ಸಿಗುತ್ತಾರೆ. ಎರಡು ನುಡಿ ಬಲ್ಲವರು ಗಡಿನಾಡಿನಲ್ಲಿ ಅಲ್ಲದೆ ಇನ್ನೆಲ್ಲಿ ಸಿಗಬೇಕು?

ಕಳೆದ ಸಲ ಊರಿಗೆ ಹೋದಾಗ ಹುಣಿಸೆ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಕಲ್ಲಿಗೆ ಯಾರೋ ಹೊಸದಾಗಿ ಅರಿಸಿನ ಬಳಿದಿದ್ದರು. ಓಡಿದವನ ರೂಪ ಅಲ್ಲಿದೆ. ಕೂಗಿದವರ ರೂಪವನ್ನು ಯಾರೂ ಕಡೆದಿಲ್ಲ. ಅವರು ಕೂಗಿದ್ದು ಯಾವ ನುಡಿಯಲ್ಲೋ ನನಗೆ ತಿಳಿಯದು. ಅವನಿಗೆ ತಿಳಿಯಿತು, ಅಷ್ಟೆ.